ಹೆಸ್ಟರ್ ಮುಂದಿಟ್ಟ ಗ್ಲಾಸು

ಹೆಸ್ಟರ್ ಆರ್ಗಿಲ್ ಸೇಡು ತೀರಿಸಿಕೊಂಡದ್ದನ್ನು ನಾನು ಎರಡನೇ ಸಾಲಿನ ಕುರ್ಚಿಯಲ್ಲಿ ಕೂತು ಕಣ್ಣಾರೆ ನೋಡಿದೆ. ಟ್ರೆಂಟ್ ನದಿಯ ದಂಡೆಯ ನಮ್ಮ ಬರ್ಟನ್ ಊರಿನಲ್ಲಿ ‘ಗ್ರೇ ಹೆರನ್’ ಅಂತ ಒಂದು ಪಬ್ಬು. ಅದರ ಒಡತಿ ಅವಳು. ನಾನು ವಿಲ್ಫ್, ಬಸ್ಸು ಓಡಿಸುವವನು. ಪಾಳಿ ಮುಗಿದರೆ ನನ್ನ ಕಾಲು ತಾನಾಗಿ ಆ ಕಡೆಗೇ ತಿರುಗುತ್ತಿತ್ತು.

ಅವಳ ಅಪ್ಪ ಈನಕ್ ಆರ್ಗಿಲ್ ಪಬ್ಬಿನ ಹಿತ್ತಲ ಶೆಡ್ಡಿನಲ್ಲಿ ತಾನೇ ಏಲ್ ಅನ್ನುವ ಬಾರ್ಲಿ ಬಿಯರು ಮಾಡುತ್ತಿದ್ದ. ಪೇಲ್ ಏಲ್, ಅಂದರೆ ತಿಳಿ ಬಣ್ಣದ್ದು, ಅಂತ ಹೆಸರಿಗೆ ಮಾತ್ರ. ನೋಡಿದರೆ ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಬಣ್ಣ. ಶರತ್ಕಾಲದಲ್ಲಿ ಪೀಪಾಯಿಗೆ ತುಂಬಿ, ಕಹಿಗೆ, ಘಮಕ್ಕೆ ಅಂತ ಮೇಲೊಂದು ಹಿಡಿ ಒಣ ಹಾಪ್ ಹೂವು ಹಾಕಿ ಮುಚ್ಚಿದರೆ ಚಳಿಗಾಲವೆಲ್ಲ ಕಳೆದ ಮೇಲೇ ತೆರೆಯುವುದು. ಎರಡು ಗ್ಲಾಸು ಕುಡಿದವನು ಗೋಡೆ ಹಿಡಿದುಕೊಂಡು ಮನೆಗೆ ಹೋಗಬೇಕು, ಅಂಥ ಗಡಸು.

ಈನಕ್‌ಗೆ ಲಯನೆಲ್ ಬ್ಯಾಗ್ನಲ್ ಅಂತ ಬಾಲ್ಯದ ಗೆಳೆಯ. ಹೆಸ್ಟರ್ ಅವನನ್ನು ಮಾಮ ಅನ್ನುತ್ತಿದ್ದಳು, ಅವನ ಹೆಗಲ ಮೇಲೆ ಕೂತು ಬೆಳೆದವಳು. ಲಯನೆಲ್ ಒಂದು ದೊಡ್ಡ ಬಿಯರು ಕಂಪನಿ ಸೇರಿದ. ಊರಿನ ಸಣ್ಣ ಪಬ್ಬುಗಳನ್ನೆಲ್ಲ ಕಂಪನಿಗೆ ಕೊಡಿಸುವುದೇ ಅವನ ಕೆಲಸ. ಈನಕ್ ಒಪ್ಪಲಿಲ್ಲ. “ನನ್ನ ಶೆಡ್ಡಿಗೆ ಬೀಗ ಹಾಕಿಸೋಕೆ ಬಂದ್ಯೇನೋ?” ಅಂತ ನಕ್ಕು ಕಳಿಸಿದ.

ಆ ವರ್ಷದ ವಸಂತದಲ್ಲಿ ಏಲ್ ಸ್ಪರ್ಧೆ ನಡೆಯಿತು. ತೀರ್ಪುಗಾರರಲ್ಲಿ ಲಯನೆಲ್ ಒಬ್ಬ. ಈನಕ್‌ನ ಏಲ್ ಬಾಯಿಗೆ ಹಾಕಿಕೊಂಡವನು ಊರೆಲ್ಲ ನೋಡುತ್ತಿದ್ದಂತೆ ನೆಲಕ್ಕೆ ಉಗಿದ. “ಕೊಳೆತು ನಾರ್ತಾ ಇದೆ. ಇದನ್ನ ಹಂದಿಗೂ ಹಾಕ್ಬೇಡಿ” ಅಂದ.

ಅಷ್ಟೇ ಸಾಕಾಯಿತು. ಆ ಮಾತು ಊರಿಂದೂರಿಗೆ ಹೋಯಿತು. ಪೀಪಾಯಿಗಳು ವಾಪಸ್ಸು ಬಂದವು. ಅದಕ್ಕಿಂತ ಕೆಟ್ಟದ್ದೆಂದರೆ ಈನಕ್‌ಗೆ ತನ್ನ ನಾಲಗೆಯ ಮೇಲೇ ನಂಬಿಕೆ ಹೋಯಿತು. ದಿನಾ ಕುಡಿದು ನೋಡುವನು, ಮಗಳನ್ನು ಕರೆಯುವನು: “ನೋಡೇ, ನಾರುತ್ತಾ? ನಿಜ ಹೇಳು.” “ಇಲ್ಲಪ್ಪ, ಚೆನ್ನಾಗಿದೆ” ಅಂದರೆ ನಂಬುವನಲ್ಲ. ಕೊನೆಗೊಂದು ಬೆಳಿಗ್ಗೆ ಇದ್ದಬದ್ದ ಪೀಪಾಯಿಗಳನ್ನೆಲ್ಲ ಚರಂಡಿಗೆ ಬಗ್ಗಿಸಿದ. ಹರೆಯದ ಹೆಸ್ಟರ್ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಈನಕ್ ಬಹಳ ದಿನ ಬದುಕಲಿಲ್ಲ. ಹೆಣ ಹೊರುವುದಕ್ಕೆ ಲಯನೆಲ್ ಕರಿ ಕೋಟು ಹಾಕಿಕೊಂಡು ಬಂದ. ಹೆಸ್ಟರ್ ಅವನ ಕೈಯನ್ನು ಪೆಟ್ಟಿಗೆಯಿಂದ ಬಿಡಿಸಿ ಹಿಂದಕ್ಕೆ ತಳ್ಳಿದಳು.

ಪಬ್ಬನ್ನು ಅವಳು ಮಾರಲಿಲ್ಲ. ಶೆಡ್ಡನ್ನು ಮತ್ತೆ ತೆರೆದಳು, ಅಪ್ಪನ ಹಾಗೇ ಏಲ್ ಮಾಡಲು ಕಲಿತಳು. ಮದುವೆ ಬೇಡ ಅಂದಳು. ಲಯನೆಲ್ ಅಷ್ಟರಲ್ಲಿ ದೊಡ್ಡ ಮನುಷ್ಯನಾಗಿದ್ದ. ಸ್ಪರ್ಧೆಗೆ ಅವನೇ ಮುಖ್ಯ ತೀರ್ಪುಗಾರ. ಅವನು ಮೂಗು ಸಿಂಡರಿಸಿದರೆ ಏಲ್ ಮಾಡುವವನ ಕಥೆ ಮುಗಿಯಿತು. ಅವನಿದ್ದಾನೆ ಅಂತಲೇ ಹೆಸ್ಟರ್ ಸ್ಪರ್ಧೆಯ ಕಡೆ ತಲೆ ಹಾಕುತ್ತಿರಲಿಲ್ಲ. ಅವನ ಹೆಸರು ಬಂದರೆ ಗ್ಲಾಸು ಒರೆಸುವ ಬಟ್ಟೆಯನ್ನು ಹಿಂಡುವಳು, ಅಷ್ಟೇ.

ಒಂದು ಮಧ್ಯಾಹ್ನ ಅವನೇ ಪಬ್ಬಿಗೆ ಬಂದ. ಜೊತೆಗೆ ಸ್ಪರ್ಧೆಯ ಕಾರ್ಯದರ್ಶಿ ಮಿಸೆಸ್ ಪಿಂಡರ್. ಸ್ಪರ್ಧೆಗೆ ಏಲ್ ಕೊಡಿ ಅಂತ ಪಬ್ಬು ಪಬ್ಬಿಗೆ ಹೋಗಿ ಕೇಳುತ್ತಿದ್ದರು. ಆ ವಾರ ಪಬ್ಬಿನ ಮೂಲೆಯ ನೆಲದ ಹಲಗೆ ಕೆಳಗೆ ಇಲಿ ಸತ್ತು ಕೊಳೆಯುತ್ತಿತ್ತು. ಬಡಗಿ ನಾಳೆ ಬರುತ್ತೇನೆ ಅಂದಿದ್ದ. ಆ ಮೂಲೆಗೆ ನಾವ್ಯಾರೂ ಸುಳಿಯುತ್ತಿರಲಿಲ್ಲ. ಲಯನೆಲ್ ಸೀದಾ ಹೋಗಿ ಅಲ್ಲೇ ಕೂತ. ಮಿಸೆಸ್ ಪಿಂಡರ್ ಕರವಸ್ತ್ರ ಮೂಗಿಗೊತ್ತಿ, ಗಾಳಿ ಬೇಕು ಅಂತ ಹೊರಗೆ ಹೋದರು. ಇವನು ಮಾಂಸದ ಕಡುಬು ತರಿಸಿಕೊಂಡು, ಸಾಸಿವೆ ಹಚ್ಚಿಕೊಂಡು, ನಿಧಾನವಾಗಿ ತಿಂದ. “ಈ ಮೂಲೆ ಎಷ್ಟು ಹಿತವಾಗಿದೆ!” ಅಂತ ಬೇರೆ ಅಂದ.

ಹೆಸ್ಟರ್ ನನ್ನ ಕಡೆ ನೋಡಿದಳು. ಅವಳ ಕಣ್ಣು ಹಾಗೆ ಹೊಳೆದದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

“ಲಯನೆಲ್ ಮಾಮ,” ಅಂದಳು, ಎಷ್ಟೋ ವರ್ಷದ ಮೇಲೆ, “ಈ ಸಲ ನಾನೂ ಒಂದು ಪೀಪಾಯಿ ಕಳಿಸ್ತೀನಿ.”

ಮುದುಕ ಹಿಗ್ಗಿ ಹೋದ. “ಹಳೇದನ್ನೆಲ್ಲ ಮರೆತುಬಿಡು ಮಗಳೇ.”

“ಮರೆಯೋದೇನು ಬಂತು,” ಅಂದಳು ಹೆಸ್ಟರ್.

ಸ್ಪರ್ಧೆಗೆ ಇನ್ನೇನು ಕೆಲವೇ ದಿನ ಇದ್ದಾಗ ಅವಳು ನನ್ನನ್ನು ನೆಲಮಾಳಿಗೆಗೆ ಕರೆದಳು. ಒಂದು ಪೀಪಾಯಿಯಿಂದ ಗ್ಲಾಸಿಗೆ ಬಗ್ಗಿಸಿ ಕೊಟ್ಟಳು. ಮೂಗಿನ ಹತ್ತಿರ ತಂದದ್ದೇ ತಡ, ಮುಖ ತಿರುಗಿಸಿದೆ. ಹಳಸಿದ ಎಲೆಕೋಸಿನ ಸಾರಲ್ಲಿ ಒದ್ದೆ ನಾಯಿ ಮುಳುಗಿಸಿದ ವಾಸನೆ.

“ಥೂ! ಏನೇ ಇದು?”

“ಪೀಪಾಯಿ ತೊಳೀದೆ ತುಂಬಿದ್ದೆ. ಚೆನ್ನಾಗಿ ಕೆಟ್ಟಿದೆ, ಅಲ್ವಾ? ಮೂಗು ಮುಚ್ಕೊಂಡು ಕುಡಿ.”

ಮೂಗು ಹಿಡಿದು ಕುಡಿದೆ. ಆಶ್ಚರ್ಯ! ನಾಲಗೆಗೆ ಅಂಥ ದೋಷವೇನೂ ತಿಳಿಯಲಿಲ್ಲ. ಬರೀ ಸಿಹಿ, ಕಹಿ. ಕೈ ತೆಗೆದೆನೋ ಇಲ್ಲವೋ, ನಾಯಿ ಗಂಟಲಲ್ಲಿ ಎದ್ದು ಕೂತಿತು.

“ಇದನ್ನ ಅವನಿಗೆ ಕೊಡ್ತೀಯಾ? ನಿನ್ನ ಹೆಸರೂ ಹಾಳಾಗುತ್ತೆ ಕಣೆ.”

“ಆಗ್ಲಿ. ಅವನದು ಮೊದಲು ಹಾಳಾಗ್ಲಿ.” ಹಾಗಂದು ಪಕ್ಕದ ಪೀಪಾಯಿಯಿಂದ ಇನ್ನೊಂದು ಗ್ಲಾಸು ಕೊಟ್ಟಳು. “ಬಾಯಿ ಸರಿಮಾಡ್ಕೋ.”

ಇದು ಅಸಲಿ. ಮೊದಲು ಕಿತ್ತಳೆ ಸಿಪ್ಪೆ ಹಿಚುಕಿದ ಹಾಗೆ ಹಾಪ್ ಹೂವಿನ ಘಮ. ಬಾಯಿಗೆ ಹೋದರೆ ಆಗತಾನೇ ಸುಟ್ಟ ಬಿಸ್ಕತ್ತಿನ ಸಿಹಿ. ಕಹಿ ಅವಸರಪಡುವುದಿಲ್ಲ, ನುಂಗಿದ ಮೇಲೆ ನಾಲಗೆಯ ಬುಡದಿಂದ ಮೆಲ್ಲಗೆ ಎದ್ದು ಬರುತ್ತದೆ, ಬಾಯಿ ಒಣಗಿಸಿ ಇನ್ನೊಂದು ಗುಟುಕು ಕೇಳುತ್ತದೆ. ಆಮೇಲೆ ಎದೆಯಲ್ಲಿ ಬೆಚ್ಚಗೆ ಕೆಂಡ. ಎರಡನೇ ಗುಟುಕಿಗೆ ನಾನು ಅವಳಿಗೆ ಬುದ್ಧಿ ಹೇಳುವುದನ್ನು ಮರೆತೆ.

ಶನಿವಾರ ಚರ್ಚಿನ ಪಕ್ಕದ ಹಾಲ್ ತುಂಬಿತ್ತು. ತೀರ್ಪುಗಾರರು ಕುಡಿದ ಪೀಪಾಯಿಯಿಂದಲೇ ಕೂತವರಿಗೂ ಒಂದೊಂದು ಗುಟುಕು ಹಂಚುವುದು ನಮ್ಮಲ್ಲಿ ಪದ್ಧತಿ. ಹೆಸ್ಟರ್‌ಳ ಸರದಿ ಬಂತು. ಲಯನೆಲ್ ಗ್ಲಾಸನ್ನು ಬೆಳಕಿಗೆ ಹಿಡಿದ, ಮೂಗು ಒಳಗಿಟ್ಟು ದೀರ್ಘವಾಗಿ ಎಳೆದ, ಕಣ್ಣು ಮುಚ್ಚಿದ.

“ಆಹಾ! ಹಾಪ್ ತೋಟದ ಮಧ್ಯೆ ನಿಂತ ಹಾಗಿದೆ. ಎಂಥ ಶುದ್ಧ ಪರಿಮಳ! ಹೆಸ್ಟರ್, ನೀನು ಅಪ್ಪನ್ನೇ ಮೀರಿಸಿಬಿಟ್ಟೆ!”

ಪಕ್ಕದಲ್ಲಿದ್ದ ಇನ್ನಿಬ್ಬರು ತೀರ್ಪುಗಾರರು ಮೂಸಿ ಬೆಚ್ಚಿದರು. ಒಬ್ಬನಿಗೆ ಕೆಮ್ಮು ಬಂತು. ಇನ್ನೊಬ್ಬ ಲಯನೆಲ್‌ನ ಮುಖ ನೋಡಿ, “ಹೌದು ಹೌದು... ಪರಿಮಳ ಇದೆ” ಅಂದ. ಅಷ್ಟರಲ್ಲಿ ಗುಟುಕು ನಮ್ಮ ಸಾಲುಗಳಿಗೆ ಬಂದಿತ್ತು.

“ಅಯ್ಯೋ, ಇದರೊಳಗೆ ಏನೋ ಸತ್ತಿದೆ ಕಣ್ರಪ್ಪಾ!” ಅಂತ ಮಾಂಸದ ಅಂಗಡಿಯ ಸೆಪ್ಟಿಮಸ್ ಕೂಗಿದ. ಒಂದು ಕಡೆ ಓಕರಿಕೆ, ಒಂದು ಕಡೆ ನಗು. “ಹಾಪ್ ತೋಟವಂತೆ! ಯಾರ ಮನೆ ಕಕ್ಕಸಿನ ಹಿಂದೆ ಇದೆಯಪ್ಪಾ ಆ ತೋಟ?” ಅಂತ ಹಿಂದಿನಿಂದ ಯಾರೋ ಕೇಳಿದರು. ಹಾಲ್ ಬಿದ್ದು ಬಿದ್ದು ನಕ್ಕಿತು.

ಹೆಸ್ಟರ್ ಎರಡು ಗ್ಲಾಸು, ಅದೇ ಗಬ್ಬು ಏಲಿನದೊಂದು, ಮನೆಯಿಂದ ತಂದ ಅಸಲಿಯದೊಂದು, ಹಿಡಿದು ವೇದಿಕೆ ಹತ್ತಿ ಅವನ ಮುಂದಿಟ್ಟಳು. “ಮಾಮ, ಇದರಲ್ಲಿ ಕೊಳೆತದ್ದು ಯಾವುದು ಹೇಳು.”

ಲಯನೆಲ್ ಗ್ಲಾಸುಗಳನ್ನು ಹತ್ತಿರಕ್ಕೆ ಎಳೆದುಕೊಂಡ. ಎರಡನ್ನೂ ಮೂಸಿದ. ಎರಡನ್ನೂ ಕುಡಿದ. ಕೊನೆಗೆ ಒಂದನ್ನು ಮುಟ್ಟಿದ. ಮಿಸೆಸ್ ಪಿಂಡರ್ ಅದನ್ನೆತ್ತಿ ಮೂಸಿ, “ಇದು ಬಹಳ ಚೆನ್ನಾಗಿದೆ, ಲಯನೆಲ್” ಅಂದರು, ಪಾಪ, ಮೆತ್ತಗೆ.

ಲಯನೆಲ್ ಎದ್ದು ನಿಂತ. “ನಂಗೆ ಜ್ವರ ಬಂದಿತ್ತು! ಹೋದ ಚಳಿಗಾಲ. ಆಗ ಹೋಯ್ತು ವಾಸನೆ. ಅದಕ್ಕೆ ಮುಂಚೆ ಈ ಮೂಗು ಅಪ್ಪಟ ಚಿನ್ನ. ಒಂದು ತೀರ್ಪೂ ತಪ್ಪಿಲ್ಲ, ಕೇಳಿ ಯಾರನ್ನ ಬೇಕಾದ್ರೂ!”

“ಒಂದೂ ತಪ್ಪಿಲ್ಲ,” ಅಂದಳು ಹೆಸ್ಟರ್. “ಹಾಗಾದ್ರೆ ನಮ್ಮಪ್ಪನ ಏಲ್ ಕೊಳೆತಿತ್ತು ಅನ್ನು.”

ನಗು ನಿಂತಿತು. ಮುಂದಿನ ಸಾಲಿನಲ್ಲಿದ್ದ ಮುದುಕನೊಬ್ಬ ಕೋಲೂರಿ ಎದ್ದ. “ಅವತ್ತು ನಾನೂ ಕುಡಿದಿದ್ದೆ, ಲಯನೆಲ್. ಅಮೃತದ ಹಾಗಿತ್ತು. ನೀನು ಉಗಿದೆ, ನಾವು ಬಾಯಿ ಮುಚ್ಕೊಂಡ್ವಿ.”

ಮುಖ್ಯ ತೀರ್ಪುಗಾರ ಆ ಮುದುಕನನ್ನು ನೋಡಿದ, ಸಭೆಯನ್ನು ನೋಡಿದ. ಆಮೇಲೆ ಮೇಜನ್ನು ನೋಡುತ್ತ ಹೇಳಿದ: “ಚೆನ್ನಾಗಿತ್ತು.”

“ಕೇಳಿಸ್ಲಿಲ್ಲ.”

“ಈನಕ್‌ನ ಏಲ್ ಚೆನ್ನಾಗಿತ್ತು! ಅವನು ಪಬ್ಬು ಕೊಡ್ಲಿಲ್ಲ ಅಂತ ಸುಳ್ಳು ಹೇಳಿದೆ. ಸಾಕಾ?”

ಹೆಸ್ಟರ್ ಗಬ್ಬು ನಾರುವ ಗ್ಲಾಸನ್ನು ಅವನ ಕಡೆಗೇ ತಳ್ಳಿ, ಒಳ್ಳೆಯದನ್ನು ತಾನು ಎತ್ತಿಕೊಂಡು ಇಳಿದು ಬಂದಳು. ಅವನು ಹಾಲ್‌ನ ಉದ್ದಕ್ಕೂ ನಡೆದು ಹೊರಗೆ ಹೋಗುವಾಗ ಯಾರೂ ದಾರಿಗೆ ಅಡ್ಡ ಬರಲಿಲ್ಲ, ಯಾರೂ ಕೋಟು ಎತ್ತಿಕೊಡಲಿಲ್ಲ.

ಊರು ಅವನನ್ನು ಸುಮ್ಮನೆ ಬಿಡಲಿಲ್ಲ. ಬೀದಿಯಲ್ಲಿ ಕಂಡರೆ ಮಕ್ಕಳು ಮೂಗು ಮುಚ್ಚಿ ಓಡುತ್ತಿದ್ದರು. ಹೆಸ್ಟರ್‌ಳ ಹೆಸರು ಹಾಳಾಗಲಿಲ್ಲ, ಬದಲಿಗೆ ಅವಳ ಪಬ್ಬಿನಲ್ಲಿ ನಿಲ್ಲಲು ಜಾಗವಿಲ್ಲದಂತಾಯಿತು.

ಬೇಸಿಗೆಯ ಒಂದು ಮಧ್ಯಾಹ್ನ ಲಯನೆಲ್ ನನ್ನ ಬಸ್ಸಿನಲ್ಲೇ ಬಂದು ಇಳಿದ. ಪಾಳಿ ಮುಗಿಸಿ ನಾನು ಹೋದಾಗ ಪಬ್ಬಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದ, ಬರಿಗೈಯಲ್ಲಿ. ಹೆಸ್ಟರ್ ಬಾಗಿಲಿಗೆ ಒರಗಿ ನಿಂತಿದ್ದಳು. ನಾನು ಅವಳನ್ನು ದಾಟಿ ಒಳಗೆ ಹೋಗಿ ಕಿಟಕಿ ಪಕ್ಕ ಕೂತೆ.

“ಒಂದು ಗ್ಲಾಸು ಕೊಡಮ್ಮ. ರುಚಿ ತಿಳಿಯಲ್ಲ, ಗೊತ್ತು. ಆದ್ರೂ,” ಅಂದ ಲಯನೆಲ್.

“ಅಪ್ಪನದು ಹೇಗಿತ್ತು ಹೇಳು ಮೊದಲು. ನಂಗೆ ಮರೆತು ಹೋಗಿದೆ. ನಂದು ಅದರ ಹಾಗಿದೆಯೋ ಇಲ್ವೋ, ರುಚಿ ಬಿಡಿಸಿ ಹೇಳುವಂಥ ನಾಲಗೆ ಇರೋರು ಯಾರೂ ಉಳಿದಿಲ್ಲ.”

ಅವನು ಒಂದೊಂದಾಗಿ ನೆನಪು ಮಾಡಿಕೊಂಡು ಹೇಳಿದ. ಮೊದಲಿಗೆ ಒಣಹುಲ್ಲಿನಲ್ಲಿ ಮುಚ್ಚಿಟ್ಟ ಸೇಬಿನ ವಾಸನೆ ಅಂದ. ನಡುವೆ ಜೇನು, ಆದರೆ ಬಾಯಿಗೆ ಅಂಟದ ಜೇನು. ಕಹಿ ಎರಡು ಸಲ ಬರುತ್ತಿತ್ತು, ಒಮ್ಮೆ ನಾಲಗೆಗೆ, ಆಮೇಲೆ ಉಸಿರಿಗೆ. ಹೇಳುತ್ತ ಹೇಳುತ್ತ ಮೂಗನ್ನು ಗಾಳಿಗೆ ಎತ್ತಿದ, ಈಗಲೂ ಸಿಗುತ್ತದೇನೋ ಎಂಬಂತೆ. ಕಣ್ಣಲ್ಲಿ ನೀರಿತ್ತು. ಹೆಸ್ಟರ್ ಒಂದು ಪದವನ್ನೂ ಬಿಡದೆ ಕೇಳಿಸಿಕೊಂಡಳು. ಮುಗಿದ ಮೇಲೆ ಒಳಗೆ ಬಂದು ಬಾಗಿಲು ಹಾಕಿದಳು. ಗ್ಲಾಸು ಕೊಡಲಿಲ್ಲ.

ಕಿಟಕಿಯಾಚೆ ಅವನು ಇನ್ನೂ ಸ್ವಲ್ಪ ಹೊತ್ತು ಕಾದ, ಆಮೇಲೆ ಎದ್ದು ಹೋದ.

“ಇಷ್ಟಕ್ಕೆ ಬಿಡಬಹುದಿತ್ತಲ್ಲೇ,” ಅಂದೆ. “ಇನ್ನೂ ಸಾಕಾಗಿಲ್ವಾ?”

“ಇಲ್ಲ,” ಅಂದಳು. “ಸೇಬು, ಜೇನು, ಎರಡು ಸಲ ಕಹಿ” ಅಂತ ಗೊಣಗುತ್ತ, ಅಂಗಿಯ ತೋಳು ಮಡಚಿಕೊಂಡು ಶೆಡ್ಡಿನ ಕಡೆಗೆ ನಡೆದಳು. ಈ ಸಲದ ಬಾರ್ಲಿ ಬೆಳಿಗ್ಗೆ ತಾನೇ ಬಂದಿತ್ತು.