ಹೊಡೆಯದ ಗಡಿಯಾರ

ಆ ಆಫೀಸಿನ ಕಿಟಕಿಗಳಿಗೆ ದಪ್ಪ ಕಪ್ಪು ಪರದೆ ಇಳಿಬಿಟ್ಟಿದ್ದರು. ಹೊರಗೆ ಬಿಸಿಲು ನೆತ್ತಿ ಸುಡುತ್ತಿದ್ದರೂ ಒಳಗೆ ಸಂಜೆ. ಸಮುದ್ರದಾಚೆಯ ದೇಶ ಹೊತ್ತಿನಲ್ಲಿ ಇಲ್ಲಿಗಿಂತ ಐದು ಗಂಟೆ ಮುಂದೆ. ಅಲ್ಲಿ ದೀಪ ಹಚ್ಚುವಾಗ ಇಲ್ಲೂ ಹಚ್ಚಬೇಕು, ಅಲ್ಲಿ ಮಳೆ ಬಂದರೆ ಇಲ್ಲಿ ಕೂತವರು ಬಟ್ಟೆ ಒಣಗಲಿಲ್ಲವೆಂದು ಗೊಣಗಬೇಕು. ಕೆಲಸಕ್ಕೆ ಬಂದವರು ಕೈಗಡಿಯಾರ, ಫೋನು ಎರಡನ್ನೂ ಬಾಗಿಲ ಬಳಿಯ ಬುಟ್ಟಿಗೆ ಹಾಕಿಯೇ ಒಳಗೆ ಕಾಲಿಡುತ್ತಿದ್ದರು. ಹೊರಗಿನ ಫಲಕದಲ್ಲಿ ಹಡಗು ಸಾರಿಗೆಯ ಅಂಕಿಅಂಶ ವಿಭಾಗ ಎಂದು ಬರೆದಿತ್ತು. ಅದು ಸರ್ಕಾರದ ಕಚೇರಿ ಎನ್ನುವುದಷ್ಟೇ ಅದರಲ್ಲಿ ನಿಜ.

ಒಳಗೆ ಯಾರನ್ನೂ ಸ್ವಂತ ಹೆಸರಿನಿಂದ ಕರೆಯುತ್ತಿರಲಿಲ್ಲ. ಅಂತರ್ಜಾಲದಲ್ಲಿ ಆಚೆಯ ದೇಶದ ಜನರ ನಡುವೆ ಯಾರು ಯಾವ ವೇಷದಲ್ಲಿ ಬರೆಯುತ್ತಿದ್ದರೋ ಅದೇ ಅವರ ಹೆಸರು. ಟ್ಯಾಕ್ಸಿ ಎಂಬುವನಿಗೆ ಸೈಕಲ್ ಹತ್ತಲೂ ಭಯ; ದಿನಾ ಬಸ್ಸಿನಲ್ಲಿ ಜೋತಾಡಿಕೊಂಡು ಬಂದು ಅಲ್ಲಿನ ಪೆಟ್ರೋಲ್ ಬೆಲೆಗೆ ಹೊಟ್ಟೆ ಉರಿದುಕೊಂಡು ಬರೆಯುತ್ತಿದ್ದ. ನಿವೃತ್ತ ಮೇಷ್ಟ್ರು ಎನ್ನಿಸಿಕೊಂಡವಳು ಮೊನ್ನೆಮೊನ್ನೆ ಕಾಲೇಜು ಮುಗಿಸಿದ ಹುಡುಗಿ. ಮಂಡಿನೋವಿನ ಬಗ್ಗೆ ಅವಳು ಬರೆದದ್ದನ್ನು ಓದಿ ಸಮುದ್ರದಾಚೆಯ ಮುದುಕರು ಎಣ್ಣೆ, ಮುಲಾಮು ಸೂಚಿಸುತ್ತಿದ್ದರು.

ಈ ಕಥೆಯ ಹೆಂಗಸಿಗೆ ಅಲ್ಲಿ ದರ್ಜಿ ಅಕ್ಕ ಎಂದು ಹೆಸರು.

ಉಳಿದವರದೆಲ್ಲ ವೇಷ, ಇವಳದು ಪೂರ್ತಿ ವೇಷವಲ್ಲ. ಇವಳ ಅಜ್ಜಿ ಆಚೆಯ ದಡದಿಂದ ಮದುವೆಯಾಗಿ ಬಂದವಳು. ಆ ಭಾಷೆಯನ್ನೂ ಹೊಲಿಗೆಯನ್ನೂ ಮೊಮ್ಮಗಳಿಗೆ ಒಟ್ಟಿಗೇ ಕಲಿಸಿದ್ದಳು. ದರ್ಜಿ ಅಕ್ಕನ ವೀಡಿಯೊಗಳಲ್ಲಿ ಮುಖ ಕಾಣುತ್ತಿರಲಿಲ್ಲ, ಎರಡು ಕೈ ಮಾತ್ರ. ಆ ಕೈ ಇವಳದೇ. ಉಂಗುರ ತೆಗೆದಿಟ್ಟು, ಕಾಲರ್ ತಿರುಗಿಸುವುದು ಹೇಗೆ, ಚಿಕ್ಕದಾದ ಫ್ರಾಕಿಗೆ ಅಂಚು ಕೂಡಿಸುವುದು ಹೇಗೆ ಎಂದು ನಿಧಾನವಾಗಿ ತೋರಿಸುತ್ತಿದ್ದಳು. ಹೊಲಿಗೆಯ ಮಧ್ಯೆ ಹಾಲಿನ ಬೆಲೆ ಏರಿದ್ದು, ಮಂತ್ರಿಯ ಮಗನ ಮದುವೆಯ ವೈಭವ, ಆಸ್ಪತ್ರೆಯಲ್ಲಿ ಔಷಧಿ ಸಿಗದಿದ್ದದ್ದು. ಹೀಗೆ ಅಲ್ಲೊಂದು ಇಲ್ಲೊಂದು ಸೂಜಿ ಚುಚ್ಚುವುದಕ್ಕೇ ಅವಳಿಗೆ ಸಂಬಳ. ಎರಡು ವರ್ಷದಲ್ಲಿ ಆ ದೇಶದ ಸಾವಿರಾರು ತಾಯಂದಿರು ಅವಳನ್ನು ಅಕ್ಕ ಎಂದು ಒಪ್ಪಿಕೊಂಡಿದ್ದರು.

ಮನೆಯಲ್ಲಿ ಗಂಡನಿಗೆ ಅವಳು ಹಡಗು ಲೆಕ್ಕ ಹಾಕುವವಳು. "ಇವತ್ತು ಎಷ್ಟು ಹಡಗು ಮುಳುಗಿಸಿದ್ರಿ ಮೇಡಂ?" ಎಂದು ಅವನು ದಿನಾ ಕೇಳುತ್ತಿದ್ದ. ಅವಳು ದಿನಾ ನಗುತ್ತಿದ್ದಳು. ಆರು ವರ್ಷದ ಮಗಳಿಗೆ ಮಾತ್ರ ಹೊಸ ಹೊಸ ಫ್ರಾಕುಗಳು ಎಲ್ಲಿಂದ ಬರುತ್ತವೆಂಬುದು ಬಗೆಹರಿಯದ ಆಶ್ಚರ್ಯ.

ಆಫೀಸಿನಲ್ಲಿ ಎಲ್ಲರೂ ಹೆದರುತ್ತಿದ್ದದ್ದು ಒಬ್ಬರಿಗೆ. ಅವರನ್ನು ಜರಡಿ ಎನ್ನುತ್ತಿದ್ದರು. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಯಾರು ಏನು ಬರೆದರೂ ಅವರ ಮೂಲಕ ಹಾದುಹೋಗಬೇಕು. ಅಲ್ಲಿನ ಬಸ್ ವೇಳಾಪಟ್ಟಿ, ನಲ್ಲಿ ನೀರು ಬಿಡುವ ಹೊತ್ತು, ಯಾವ ಬೀದಿ ಅಗೆದಿದೆ, ಯಾವ ಅಂಗಡಿಗೆ ಬೀಗ ಬಿದ್ದಿದೆ ಎಲ್ಲವೂ ಅವರ ಬೆರಳ ತುದಿಯಲ್ಲಿ. ಎದುರಿನ ಗೋಡೆಯ ಮೇಲೆ ಅಲ್ಲಿನ ಮುಖ್ಯ ಊರಿನ ಬೀದಿ ಕ್ಯಾಮೆರಾಗಳ ಚಿತ್ರ ಸದಾ ಓಡುತ್ತಿರುತ್ತಿತ್ತು. ಒಮ್ಮೆ ಟ್ಯಾಕ್ಸಿ ಅವರ ಕಣ್ಣು ತಪ್ಪಿಸಿ, ಮುಚ್ಚಿದ್ದ ಸೇತುವೆಯ ಮೇಲೆ ಗಾಡಿ ಓಡಿಸಿದೆನೆಂದು ಬರೆದುಬಿಟ್ಟಿದ್ದ. ಜನ ಹಿಡಿದು ಝಾಡಿಸಿದರು. ಸಂಜೆಯೊಳಗೆ ಆ ಟ್ಯಾಕ್ಸಿ ಸತ್ತ, ಅಂದರೆ ಆ ಖಾತೆ ಮುಚ್ಚಿತು. ಅವನ ಮಾತಿಗೆ ಹೌದೆಂದಿದ್ದ ಇನ್ನಷ್ಟು ವೇಷಗಳೂ ಅವನ ಹಿಂದೆಯೇ ಮಣ್ಣುಪಾಲಾದವು. ಈಗ ಅವನು ಬರೆಯುವುದು ಎರಡನೆಯ ಟ್ಯಾಕ್ಸಿಯ ಹೆಸರಿನಲ್ಲಿ.

"ಸುಳ್ಳು ಹೇಳಿ, ಬೇಡ ಅನ್ನಲ್ಲ," ಎನ್ನುತ್ತಿದ್ದರು ಜರಡಿ. "ಆದ್ರೆ ಹವಾಮಾನದ ಬಗ್ಗೆ ಸುಳ್ಳು ಹೇಳ್ಬೇಡಿ."

ದರ್ಜಿ ಅಕ್ಕನಿಗೆ ಬರುವ ನೂರಾರು ಖಾಸಗಿ ಸಂದೇಶಗಳಲ್ಲಿ ಒಬ್ಬಳದು ಬೇರೆ. ಪ್ರೊಫೈಲಿನಲ್ಲಿ ಗುಬ್ಬಿಯ ಚಿತ್ರ ಹಾಕಿಕೊಂಡಿದ್ದ ಅವಳನ್ನು ಇವಳೂ ಗುಬ್ಬಿ ಎಂದೇ ಕರೆಯುತ್ತಿದ್ದಳು. ಹೋಟೆಲೊಂದರಲ್ಲಿ ಹಾಸಿಗೆ ಬಟ್ಟೆ ತೊಳೆಯುತ್ತಿದ್ದವಳು, ಕೆಲಸ ಹೋದಮೇಲೆ ಅಕ್ಕನ ವೀಡಿಯೊ ನೋಡಿ ಹೊಲಿಗೆ ಕಲಿತು ಹೊಟ್ಟೆ ಹೊರೆಯುತ್ತಿದ್ದಳು. ಗಂಡ ಬಿಟ್ಟುಹೋಗಿದ್ದ. ನಾಲ್ಕು ವರ್ಷದ ಮಗ ಪುಟ್ಟ. ಒಂದು ಸಲ ಗುಬ್ಬಿ ಬರೆದಿದ್ದಳು: "ಅಕ್ಕ, ನಮ್ಮ ಚೌಕದ ಗಡಿಯಾರ ಓಡುತ್ತೆ, ಹೊಡೆಯಲ್ಲ ಯಾಕೆ ಅಂತ ಪುಟ್ಟ ತಲೆ ತಿಂತಾನೆ. ಅದು ಮೂಗ ಕಣೋ ಅಂದೆ. ಅದಕ್ಕೆ ಯಾರಾದ್ರೂ ಬೈದ್ರಾ ಅಂತ ಕೇಳ್ತಾನೆ!"

ಚೌಕದ ಗಡಿಯಾರ ಹೊಡೆಯುವುದಿಲ್ಲವೆಂದು ಇವಳಿಗೆ ಗೊತ್ತಾದದ್ದು ಆಗಲೇ. ವೇಷದ ಪ್ರಕಾರ ಅದೇ ಚೌಕದಲ್ಲಿ ಚಪ್ಪಲಿ ಅಂಗಡಿಯ ಮೇಲೆ ವಾಸವಿರುವ ದರ್ಜಿ ಅಕ್ಕನಿಗೆ ಇದು ಗೊತ್ತಿರಲೇಬೇಕಲ್ಲ! "ಬೈದಿರ್ಬೇಕು, ಅದಕ್ಕೇ ಮುನಿಸ್ಕೊಂಡು ಕೂತಿದೆ ಅನ್ನು," ಎಂದು ಥಟ್ಟನೆ ಬರೆದು ನಗುಮುಖ ಅಂಟಿಸಿದ್ದಳು. ಇದನ್ನು ಆಫೀಸಿನಲ್ಲಿ ಯಾರಿಗೂ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಅದೊಂದು ಮಗುವಿನ ಮಾತು ಅಷ್ಟೆ.

ಆ ದಿನ ಸಾಹೇಬರು ತಾವೇ ಬಂದರು. ಸಾಮಾನ್ಯವಾಗಿ ಅವರ ಆಜ್ಞೆಗಳು ಫೋನಿನಲ್ಲಿ ಬರುತ್ತಿದ್ದವು. ಬಂದವರೇ ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು.

"ಇವತ್ತು ಸಂಜೆ ಆರಕ್ಕೆ ಅವರ ಚೌಕದಲ್ಲಿ ಸರ್ಕಾರದ ವಿರುದ್ಧ ಜನ ಸೇರ್ತಾರೆ. ಸೈನ್ಯ ಆಗಲೇ ಬಂದು ನಿಂತಿದೆ. ನೋಡಿದ್ರಲ್ಲ?"

ಗೋಡೆಯ ಮೇಲಿನ ಚಿತ್ರದಲ್ಲಿ ಹಸಿರು ಲಾರಿಗಳು ಕಾಣುತ್ತಿದ್ದವು. "ನೋಡಿದೆ ಸರ್."

"ಬರೀ ಗಂಡಸರು ಬಂದ್ರೆ ಪ್ರಯೋಜನ ಇಲ್ಲ. ಏನಾದ್ರೂ ಆದ್ರೂ ಎರಡು ದಿನದ ಸುದ್ದಿ. ತಾಯಂದಿರು ಬರ್ಬೇಕು, ಮಕ್ಕಳನ್ನ ಕರ್ಕೊಂಡು ಬರ್ಬೇಕು. ನಾನೂ ನನ್ನ ಮಗಳನ್ನ ಕರ್ಕೊಂಡು ಹೊರಟಿದೀನಿ, ನೀವೂ ಬನ್ನಿ, ಮಕ್ಕಳಿದ್ದ ಕಡೆ ಗುಂಡು ಹಾರಿಸಲ್ಲ ಅಂತ ಬರೀರಿ. ನಿಮ್ಮ ಮಾತು ಅಂದ್ರೆ ಅವರಿಗೆ ವೇದವಾಕ್ಯ."

"ಹಾರಿಸಲ್ವಾ ಸರ್?"

ಸಾಹೇಬರು ಕನ್ನಡಕ ತೆಗೆದು ಟೈ ತುದಿಯಿಂದ ಒರೆಸಿಕೊಂಡರು. "ನಮಗೆ ಒಂದು ಫೋಟೋ ಬೇಕು ಕಣಮ್ಮ. ಒಂದೇ ಒಂದು. ಆಮೇಲೆ ಆ ಸರ್ಕಾರ ತಾನಾಗೇ ಬೀಳುತ್ತೆ."

ಎದ್ದು ತಮ್ಮ ಕೋಣೆಗೆ ಹೋದರು. ಆಚೆ ಮೇಜಿನಿಂದ ಟ್ಯಾಕ್ಸಿ, "ದರ್ಜಿ ಅಕ್ಕ, ಸಾಹೇಬರೇ ಅಳತೆ ಕೊಡೋಕೆ ಬಂದಿದ್ರಾ?" ಎಂದ. ಅವಳ ಮುಖ ನೋಡಿ ತನ್ನ ತೆರೆಯ ಕಡೆ ತಿರುಗಿದ.

ತೆರೆಯ ಮೇಲೆ ಗುಬ್ಬಿಯ ಸಂದೇಶ ಕಾಯುತ್ತಿತ್ತು. "ಅಕ್ಕ, ಬರ್ಲೋ ಬೇಡ್ವೋ ಅಂತ ಒದ್ದಾಡ್ತಿದೀನಿ. ಪುಟ್ಟನ್ನ ಬಿಟ್ಟು ಬರೋಕೆ ಯಾರೂ ಇಲ್ಲ. ನೀವು ಹೇಗೆ ಹೇಳ್ತೀರೋ ಹಾಗೆ."

ಬರೆಯುವುದಿಲ್ಲ ಎಂದು ಎದ್ದುಬಿಡಬಹುದು. ಆದರೆ ಎದ್ದರೆ ಆಗುವುದಾದರೂ ಏನು? ಸಾಹೇಬರು ಇದೇ ಖಾತೆಯನ್ನು ಮೇಷ್ಟ್ರ ಕೈಗೆ ಕೊಡುತ್ತಾರೆ, ಮೇಷ್ಟ್ರು ಬರೆಯುತ್ತಾಳೆ. ಅಲ್ಲಿನ ತಾಯಂದಿರಿಗೆ ಅಕ್ಕ ಬದಲಾದದ್ದು ತಿಳಿಯುವುದೂ ಇಲ್ಲ. ಇವಳು ಹೋದರೂ ದರ್ಜಿ ಅಕ್ಕ ಉಳಿಯುತ್ತಾಳೆ. ಹೋಗಬೇಕಾದವಳು ದರ್ಜಿ ಅಕ್ಕನೇ. ಅಲ್ಲಿನವರ ಕಣ್ಣೆದುರಿಗೇ, ಟ್ಯಾಕ್ಸಿ ಸತ್ತ ಹಾಗೆ, ಅವಳು ಸಾಯಬೇಕು.

ಅದಕ್ಕೊಂದು ತಪ್ಪು ಬೇಕಿತ್ತು. ಊರಿನವರಿಗೆಲ್ಲ ಎದ್ದು ಕಾಣಬೇಕು, ಜರಡಿಯ ಕಣ್ಣಿಗೆ ಬೀಳಬಾರದು, ಅಂಥ ತಪ್ಪು. ಅವಳು ಗೋಡೆಯ ಕಡೆ ನೋಡಿದಳು. ಚೌಕದ ಗೋಪುರದ ಮೇಲೆ ಗಡಿಯಾರದ ಮುಳ್ಳುಗಳು ಐದರ ಹತ್ತಿರ ಬಂದಿದ್ದವು. ಲಾರಿಗಳು, ಸೈನಿಕರು, ಹಾರುವ ಪಾರಿವಾಳಗಳು ಎಲ್ಲ ನಿಚ್ಚಳ. ಆದರೆ ಆ ಕ್ಯಾಮೆರಾಗಳಿಗೆ ಕಿವಿ ಇರಲಿಲ್ಲ. ತಾನು ಅಳೆಯಲಾರದ್ದು ಜಗತ್ತಿನಲ್ಲೇ ಇಲ್ಲವೆಂದು ಯಾವ ಉಪಕರಣವೂ ಹೇಳುವುದಿಲ್ಲ, ನಿಜ; ಅದನ್ನೇ ನೋಡುತ್ತ ಕೂತವರು ಮಾತ್ರ ಕ್ರಮೇಣ ಹಾಗೆ ನಂಬಿಬಿಡುತ್ತಾರೆ. ಎರಡು ವರ್ಷ ಈ ಕೋಣೆಯ ಜನ ಒಂದಿಡೀ ಊರನ್ನು ಸದ್ದಿಲ್ಲದೆ ನೋಡಿದ್ದರು. ಅಲ್ಲಿ ಏನು ಕೇಳಿಸುತ್ತದೆ ಎಂದು ಒಬ್ಬರೂ ಯೋಚಿಸಿರಲಿಲ್ಲ.

ಅವಳು ಬರೆದಳು: "ಈಗಷ್ಟೇ ನಮ್ಮ ಚೌಕದ ಗಡಿಯಾರ ಐದು ಹೊಡೆಯಿತು. ಆ ಗಂಟೆಯ ಸದ್ದು ಎದೆಯೊಳಗೇ ಬಡಿದಂತಾಯಿತು. ಮಗಳಿಗೆ ನೀಲಿ ಫ್ರಾಕ್ ತೊಡಿಸುತ್ತಿದ್ದೇನೆ. ಆರು ಹೊಡೆಯುವಾಗ ಗೋಪುರದ ಕೆಳಗೆ ಇರುತ್ತೇವೆ. ನೀವೂ ಮಕ್ಕಳನ್ನು ಕರೆದುಕೊಂಡು ಬನ್ನಿ. ಮಕ್ಕಳಿದ್ದ ಕಡೆ ಗುಂಡು ಹಾರಿಸುವುದಿಲ್ಲ."

ಬರೆದದ್ದು ಜರಡಿಯ ಮೇಜಿಗೆ ಹೋಯಿತು. ಅವರು ಓದಿದರು. ಮತ್ತೆ ಓದಿದರು. ತಲೆಯೆತ್ತಿ ಗೋಡೆಯ ಚಿತ್ರದಲ್ಲಿದ್ದ ಗಡಿಯಾರವನ್ನು ದಿಟ್ಟಿಸಿದರು. ಐದು ದಾಟಿ ಒಂದು ಕೂದಲೆಳೆ. ಸರಿ. ಆ ಊರಿನ ಪ್ರವಾಸಿ ಕೈಪಿಡಿಯನ್ನು ತೆರೆದರು. ಅವರ ಬೆರಳು ಸಾಲಿನ ಮೇಲೆ ಸರಿದು ಒಂದೆಡೆ ನಿಂತಿತು.

"ಗಂಟೆಗೊಮ್ಮೆ ಹೊಡೆಯುತ್ತೆ ಅಂತ ಇದೆ," ಎಂದರು ತಮಗೆ ತಾವೇ ಹೇಳಿಕೊಂಡಂತೆ. "ಇವತ್ತು ಗಾಳಿ ಜೋರಿದೆ. ಅಲ್ಲಿ ನಿಮ್ಮ ಕಿಟಕಿ ಮುಚ್ಚಿದೆಯೋ ತೆರೆದಿದೆಯೋ?"

"ತೆರೆದಿದೆ."

"ಹಾಗಾದ್ರೆ ಕೇಳುತ್ತೆ." ಗುಂಡಿ ಒತ್ತಿದರು.

ಮೊದಲ ಪ್ರತಿಕ್ರಿಯೆಗಳೆಲ್ಲ ಹೃದಯದ ಚಿಹ್ನೆಗಳು. ಅಕ್ಕ ನಾವೂ ಹೊರಟೆವು ಎಂದು ಒಬ್ಬಳು ಬರೆದಳು, ಇನ್ನೊಬ್ಬಳು ತನ್ನ ಅವಳಿಗಳ ಚಿತ್ರ ಹಾಕಿದಳು. ಅವಳು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದು ಕೂತಳು. ಯಾರೂ ಗಮನಿಸದಿದ್ದರೆ? ತನ್ನ ಜಾಣತನವೇ ಆ ಅವಳಿಗಳನ್ನು ಗೋಪುರದ ಕೆಳಗೆ ತಂದು ನಿಲ್ಲಿಸಿದರೆ?

ಆಗ ಒಬ್ಬ ಬರೆದ: "ಯಾವ ಗಂಟೆ?"

ಅದರ ಕೆಳಗೆ ಮತ್ತೊಬ್ಬಳು: "ನಾನು ಹುಟ್ಟಿದಾಗಿಂದ ಅದು ಹೊಡೆದಿದ್ದು ಕೇಳಿಲ್ಲ."

"ಗಂಟೆಯ ನಾಲಗೆ ಕಿತ್ತು ಎಷ್ಟೋ ವರ್ಷ ಆಯ್ತು. ಅಕ್ಕ, ನೀವಿರೋದು ಎಲ್ಲಿ?"

ಆಮೇಲೆ ಅಣೆಕಟ್ಟು ಒಡೆದ ಹಾಗೆ. "ಇವಳು ನಮ್ಮೂರವಳೇ ಅಲ್ಲ." "ಮಕ್ಕಳನ್ನ ಕರ್ಕೊಂಡು ಬನ್ನಿ ಅನ್ನೋ ಇವಳು ಯಾರು? ಯಾರೂ ಹೋಗ್ಬೇಡಿ." ಅವಳಿಗಳ ತಾಯಿ ತನ್ನ ಚಿತ್ರ ಅಳಿಸಿದಳು.

ಸಾಹೇಬರ ಬಾಗಿಲು ಗೋಡೆಗೆ ಬಡಿಯುವಂತೆ ತೆರೆದುಕೊಂಡಿತು. "ಯಾವ ಮೂರ್ಖ ಇದನ್ನ ಪಾಸ್ ಮಾಡಿದ್ದು?"

ಜರಡಿ ಎದ್ದು ನಿಂತರು. ಕೈಯಲ್ಲಿ ಇನ್ನೂ ಆ ಕೈಪಿಡಿ. "ನಾನೇ ಸರ್. ಪುಸ್ತಕದಲ್ಲಿ ಹೊಡೆಯುತ್ತೆ ಅಂತಾನೇ ಇದೆ."

"ಪುಸ್ತಕ! ಎರಡು ವರ್ಷದ ಕೆಲಸ ನೀರುಪಾಲು ಮಾಡಿದ್ರಲ್ಲ! ನಾಳೆಯಿಂದ ಮನೇಲಿ ಕೂತು ಪುಸ್ತಕ ಓದಿ." ಅವಳ ಕಡೆ ತಿರುಗಿದರು. ದನಿ ಸ್ವಲ್ಪ ಇಳಿಯಿತು. "ನಿಮ್ಮದೇನೂ ತಪ್ಪಿಲ್ಲಮ್ಮ. ಖಾತೆ ಮುಚ್ಚಿ. ಹೊಸ ವೇಷ ನೋಡೋಣ."

ಬಾಗಿಲು ಮತ್ತೆ ಬಡಿಯಿತು. ಗೆದ್ದೆ ಎನ್ನಬೇಕು, ಆದರೆ ಗೆದ್ದಂತೆ ಅನ್ನಿಸಲಿಲ್ಲ. ತಪ್ಪು ಇನ್ನೊಬ್ಬರ ತಲೆಗೆ ಕಟ್ಟಿಯಾಗಿತ್ತು. ಇನ್ನು ಖಾತೆ ಮುಚ್ಚಿ, ಬುಟ್ಟಿಯಿಂದ ಗಡಿಯಾರ ತೆಗೆದುಕೊಂಡು, ಮಗಳನ್ನು ಶಾಲೆಯಿಂದ ಕರೆತಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಬೆರಳು ಮುಚ್ಚುವ ಗುಂಡಿಯ ಮೇಲಿದ್ದಾಗ ಗುಬ್ಬಿಯ ಸಂದೇಶ ಬಂತು.

"ಅಕ್ಕ, ಜನ ಏನೇನೋ ಅಂತಿದಾರೆ. ನಾನು ನಂಬಲ್ಲ. ಗಡಿಯಾರ ಮೂಗ ಅಂತ ನಾನೇ ನಿಮಗೆ ಹೇಳಿದ್ದೆ, ನಾವಿಬ್ಬರೂ ನಕ್ಕಿದ್ವಿ. ಅಂದ್ಮೇಲೆ ಇದನ್ನ ಬರೆದಿದ್ದು ನೀವಲ್ಲ. ಯಾರೋ ನಿಮ್ಮ ಫೋನ್ ಕಿತ್ಕೊಂಡಿದಾರೆ. ಹೆದರ್ಬೇಡಿ. ಚಪ್ಪಲಿ ಅಂಗಡಿ ಮೇಲಿನ ಮನೆ ತಾನೆ? ನಾನು ಬರ್ತಿದೀನಿ. ಪುಟ್ಟನೂ ಜೊತೇಲಿದಾನೆ."

ಊರಿಗೆ ಊರೇ ಹಿಂದೆ ಸರಿದಿತ್ತು. ಮುಂದೆ ಬರುತ್ತಿದ್ದವಳು ಅವಳನ್ನು ನಿಜವಾಗಿ ನಂಬಿದ್ದವಳೊಬ್ಬಳೇ.

ಖಾಸಗಿ ಸಂದೇಶಗಳಿಗೆ ಜರಡಿಯ ಒಪ್ಪಿಗೆ ಬೇಕಿರಲಿಲ್ಲ. ಮಾಮೂಲಿ ದಿನ ಆ ರಾಶಿಯನ್ನು ಅವರು ಓದುತ್ತಲೂ ಇರಲಿಲ್ಲ. ಆದರೆ ಒಂದಕ್ಷರವೂ ಬಿಡದೆ ಅವರ ತೆರೆಯ ಮೇಲೆ ದಾಖಲಾಗುತ್ತಿತ್ತು, ಇವತ್ತು ಅವರ ಕಣ್ಣು ಈ ಖಾತೆಯ ಮೇಲೇ ಇತ್ತು. ಅದು ಅವಳಿಗೆ ಗೊತ್ತಿತ್ತು. ಮೊದಲು, ಮನೆಯಲ್ಲಿಲ್ಲ, ಬರಬೇಡ ಎಂದು ಬರೆದಳು. ಅಳಿಸಿದಳು. ಫೋನ್ ಕಿತ್ತುಕೊಂಡವರೂ ಹಾಗೇ ತಾನೆ ಬರೆಯುವುದು? ಇನ್ನೊಂದು ಸುಳ್ಳಿನಿಂದ ಅವಳನ್ನು ನಿಲ್ಲಿಸುವಂತಿರಲಿಲ್ಲ.

"ಗುಬ್ಬಿ, ನನ್ನ ಫೋನ್ ಯಾರೂ ಕಿತ್ಕೊಂಡಿಲ್ಲ. ಬರೆದಿದ್ದು ನಾನೇ, ಬೇಕಂತಲೇ. ನೀವು ಯಾರೂ ಬರಬಾರದು ಅಂತ. ಚಪ್ಪಲಿ ಅಂಗಡಿ ಮೇಲೆ ನನ್ನ ಮನೆ ಇಲ್ಲ. ನಿಮ್ಮೂರನ್ನ ನಾನು ನೋಡೇ ಇಲ್ಲ. ಬೇರೆ ದೇಶದ ಸರ್ಕಾರದ ಆಫೀಸಿನಲ್ಲಿ ಕೂತು ಇದನ್ನೆಲ್ಲ ಬರೀತೀನಿ. ಅವರಿಗೆ ಬೇಕಿರೋದು ಸತ್ತ ಮಗುವಿನ ಫೋಟೋ. ಪುಟ್ಟನ್ನ ಎತ್ಕೊಂಡು ಮನೆಗೆ ಹಿಂದಿರುಗು."

ಓದಿದ ಗುರುತು ಮೂಡಿತು. ಆಚೆ ಏನೋ ಬರೆಯುತ್ತಿರುವ ಸೂಚನೆ ಕಾಣಿಸಿತು, ನಿಂತಿತು, ಮತ್ತೆ ಕಾಣಿಸಿತು. ಕೊನೆಗೆ ಬಂದದ್ದು ಇಷ್ಟೇ:

"ಆ ಕೈ ಯಾರದು?"

"ನನ್ನದೇ," ಎಂದು ಬರೆದಳು.

ಅದನ್ನೂ ಗುಬ್ಬಿ ಓದಿದಳು. ಮರುಕ್ಷಣ ಅವಳ ಚಿತ್ರ ಮಾಯವಾಗಿ ಖಾಲಿ ವೃತ್ತವೊಂದು ಉಳಿಯಿತು. ದರ್ಜಿ ಅಕ್ಕನಿಗೆ ಇನ್ನು ಆ ಬಾಗಿಲು ಮುಚ್ಚಿತ್ತು.

ತಲೆಯೆತ್ತಿದಾಗ ಜರಡಿ ಅವಳನ್ನೇ ನೋಡುತ್ತಿದ್ದರು. ಅವರ ಕನ್ನಡಕದ ಗಾಜಿನಲ್ಲಿ ತೆರೆಯ ಬೆಳಕಿತ್ತು.

"ಏನಮ್ಮಾ ಮಾಡ್ಕೊಂಡೆ," ಎಂದರು ಮೆಲ್ಲಗೆ. ಎರಡು ವರ್ಷದಲ್ಲಿ ಅವಳನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. "ನಾನು ಹೇಳ್ಲೇಬೇಕಾಗುತ್ತೆ. ಇಲ್ಲ ಅಂದ್ರೆ ನನ್ನ ಕತ್ತಿಗೆ ಬರುತ್ತೆ."

"ಹೇಳಿ. ನಿಮ್ಮ ಮೇಲೆ ಬಿದ್ದ ಮಾತೂ ಇಳಿಯುತ್ತೆ. ಆರು ಗಂಟೆ ಆಗಿಬಿಡಲಿ, ಅಷ್ಟೇ."

ಅವರು ಸಾಹೇಬರ ಬಾಗಿಲ ಕಡೆ ನೋಡಿದರು. ಏಳಲಿಲ್ಲ.

ಇಬ್ಬರೂ ಗೋಡೆಯನ್ನು ನೋಡುತ್ತ ಕೂತರು. ಚೌಕಕ್ಕೆ ಜನ ಬಂದರು, ಸಾಹೇಬರು ಎಣಿಸಿದಷ್ಟಲ್ಲ. ಗಂಡಸರು, ಕೋಲಿಗೆ ಕಟ್ಟಿದ ಬಟ್ಟೆಗಳು, ದೂರದಲ್ಲಿ ಹಸಿರು ಲಾರಿಗಳ ಮುಂದೆ ಅಲುಗದ ಸಾಲು. ಅವಳು ಚಿತ್ರದ ಕೆಳಗಂಚಿನಿಂದ ಶುರುಮಾಡಿ, ಗೋಪುರದ ಬುಡ, ಮೆಟ್ಟಿಲು, ಚಪ್ಪಲಿ ಅಂಗಡಿಯ ಮುಚ್ಚಿದ ಬಾಗಿಲು ಎಲ್ಲ ಕಡೆ ಹುಡುಕಿದಳು. ಗಿಡ್ಡನೆಯ ಆಕಾರ ಎಲ್ಲೂ ಕಾಣಲಿಲ್ಲ. ಅಂಗಡಿಯ ಮುಂದೆ ಒಬ್ಬ ಹೆಂಗಸು ನಿಂತಂತಾಯಿತು. ನೋಡಿದರೆ ಅದು ಮಡಚಿಟ್ಟ ಕೊಡೆ.

ಮುಳ್ಳು ಆರಕ್ಕೆ ಬಂತು. ಜರಡಿ ತಮಗರಿವಿಲ್ಲದೆ ತಲೆಯನ್ನು ಒಂದು ಕಡೆ ವಾಲಿಸಿ ಕಿವಿಗೊಟ್ಟರು. ಪಾರಿವಾಳಗಳು ಗೋಪುರದಿಂದ ಏಳಲಿಲ್ಲ.

"ಹೌದು," ಎಂದರು ಅವರು. "ಹೊಡೆಯಲ್ಲ." ಕೈಪಿಡಿಯನ್ನು ಮೇಜಿನ ಮೇಲಿಟ್ಟು ಸಾಹೇಬರ ಕೋಣೆಯ ಕಡೆ ನಡೆದರು.

ಅವಳು ಬಾಗಿಲ ಬಳಿಗೆ ಹೋದಳು. ಕಾವಲಿನವನು ಏನೆಂಬಂತೆ ನೋಡಿದ. ಬುಟ್ಟಿಯಿಂದ ಫೋನ್ ತೆಗೆದು ಗಂಡನಿಗೆ ಕರೆ ಮಾಡಿದಳು.

"ಏನ್ರೀ, ಮಗುನ ಶಾಲೆಯಿಂದ ನೀವೇ ಕರ್ಕೊಂಡು ಬರ್ತೀರಾ?"

"ಬರ್ತೀನಿ. ಯಾಕೆ, ಹಡಗು ಮುಳುಗ್ತಾ?"

"ಇಲ್ಲ," ಎಂದಳು. "ನಾನು ಯಾವತ್ತೂ ಹಡಗು ಎಣಿಸಿಲ್ಲ ಕಣ್ರೀ. ಮನೆಗೆ ಬಂದ್ರೆ ಹೇಳ್ತೀನಿ."

ಆ ಕಡೆ ಅವನು ಅರ್ಧ ನಕ್ಕು ನಿಲ್ಲಿಸಿದ. ಹಿಂದೆ ಸಾಹೇಬರ ಕೋಣೆಯಲ್ಲಿ ಕುರ್ಚಿ ಸರಿದ ಸದ್ದು. ಅವಳು ಬುಟ್ಟಿಗೆ ಕೈ ಹಾಕಿ ತನ್ನ ಗಡಿಯಾರವನ್ನು ಹುಡುಕಿ ಕಟ್ಟಿಕೊಂಡಳು. ಅವಳ ಊರಿನಲ್ಲಿ ಇನ್ನೂ ಮಧ್ಯಾಹ್ನ ಒಂದು ಗಂಟೆ.