ನೋವಿಗೆ ಪ್ರವೇಶವಿಲ್ಲ

"ಮುಖ ಯಾಕೇ ಹೆಣ ಕಾಯೋಳ ಥರ ಇಟ್ಕೊಂಡಿದೀಯ? ನಗು! ಇದು ಆಸ್ಪತ್ರೆ ಅಲ್ಲ ಕಣೇ, ವೆಲ್‌ನೆಸ್ ರೆಸಾರ್ಟು!"

ಕೊಳದ ಮೆಟ್ಟಿಲು ಉಜ್ಜುತ್ತಿದ್ದ ಆಯಾ ತಲೆಯೆತ್ತಿ ಹಲ್ಲು ಕಿರಿದಳು. ಹೊಸ ಮ್ಯಾನೇಜರನಿಗೆ ಅವಳ ಮಗನ ವಯಸ್ಸು. ಇಪ್ಪತ್ತೆರಡು ವರ್ಷ ಅವಳು ಇಲ್ಲಿಯೇ ಕೀಲು ಹಿಡಿದವರನ್ನು, ಲಕ್ವ ಹೊಡೆದವರನ್ನು ಮಕ್ಕಳಂತೆ ಎತ್ತಿ ಬಿಸಿನೀರ ಬುಗ್ಗೆಗೆ ಇಳಿಸಿದ್ದಳು. ಆಗ ಇದು ಆಸ್ಪತ್ರೆ, ಡಾಕ್ಟರ ಚೀಟಿ ತಂದವರಿಗೆಲ್ಲ ನೀರು ಸಿಗುತ್ತಿತ್ತು. ಈಗ ಚೀಟಿ ತಂದವರನ್ನು ಗೇಟಿನಲ್ಲೇ ವಾಪಸು ಕಳಿಸುತ್ತಾರೆ. ಗಟ್ಟಿಮುಟ್ಟಾದವರು ವಿಮಾನ ಹತ್ತಿ ಬಂದು, ಮೈಗೆಲ್ಲ ಕೆಸರು ಬಳಿಸಿಕೊಂಡು, ತಮ್ಮನ್ನು ತಾವೇ ಹುಡುಕಿಕೊಳ್ಳುತ್ತಾರೆ. ಸಿಕ್ಕಿದರೋ ಇಲ್ಲವೋ, ಆ ಕೆಸರು ತೊಳೆಯುವವಳು ಮಾತ್ರ ಇವಳೇ.

ಅವಳ ಅಕ್ಕ ಇದೇ ಆಸ್ಪತ್ರೆಯ ಬಟ್ಟೆ ಒಗೆದು ಒಗೆದು ಮಂಡಿ ಕಳೆದುಕೊಂಡವಳು. ವಾರಕ್ಕೆರಡು ಸಲ ಬುಗ್ಗೆಗೆ ಇಳಿದರೆ ನಾಲ್ಕು ಹೆಜ್ಜೆ ನಡೆಯುತ್ತಿದ್ದಳು. ರೆಸಾರ್ಟು ಆದ ಮೇಲೆ, ಮೂರು ತಿಂಗಳಿಂದ ಅದಿಲ್ಲ. ಕಕ್ಕಸಿಗೂ ತೆವಳಿಕೊಂಡೇ ಹೋಗಬೇಕು.

"ಸಾರ್, ಬೆಳಿಗ್ಗೆ ಯಾರೂ ಏಳೋ ಮುಂಚೆ ಅಕ್ಕಂಗೆ ಅರ್ಧ ಗಂಟೆ ಬಿಡಿ ಸಾರ್," ಆಯಾ ಅಂಗಲಾಚಿದಳು.

"ಆ ಸೊಟ್ಟಕಾಲಿನವಳನ್ನ ನೋಡಿದ್ರೆ ಗೆಸ್ಟುಗಳ ಮೂಡ್ ಹಾಳಾಗುತ್ತೆ. ಮನೇಲಿ ನೀರು ಕಾಯಿಸಿ ಹುಯ್ಯಿ, ಹೋಗು."

ಮರುದಿನ ಮಧ್ಯಾಹ್ನ ಆಯಾ ಅಕ್ಕನನ್ನು ಕೊಳೆಬಟ್ಟೆಯ ಗಾಡಿಯಲ್ಲಿ ಕೂರಿಸಿ, ಮೇಲೆ ಟವಲು ಹೊದಿಸಿ, ಹಿಂಬಾಗಿಲಿನಿಂದ ತಳ್ಳಿಕೊಂಡು ಬಂದಳು. ಅದು ಮೌನಧ್ಯಾನದ ಹೊತ್ತು. ಕೊಳದ ಸುತ್ತ ಹನ್ನೆರಡು ಜನ ಕಣ್ಣು ಮುಚ್ಚಿ ಮಲಗಿದ್ದರು. ಆಯಾ ಸಮವಸ್ತ್ರದಲ್ಲೇ ಅಕ್ಕನನ್ನು ಎತ್ತಿಕೊಂಡು ನೀರಿಗಿಳಿದಳು.

ಮ್ಯಾನೇಜರ್ ಓಡಿಬಂದ. ಕೂಗುವಂತಿಲ್ಲ, ಆ ಮೌನಕ್ಕಾಗಿಯೇ ಜನ ಅಷ್ಟು ದೂರದಿಂದ ಬಂದಿದ್ದರು. ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಹಲ್ಲಿನ ಸಂದಿಯಲ್ಲೇ ಪಿಸುಗುಟ್ಟಿದ: "ಬೋಳಿಮಗಳೇ, ಎತ್ತೇ ಅವಳನ್ನ! ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ."

"ಹೋಗ್ಲಿ ಬಿಡಿ. ಅರ್ಧ ಗಂಟೆ ಆದ್ಮೇಲೆ ಹೋಗ್ಲಿ."

ಒಬ್ಬಾಕೆ ಒಂದೇ ಕಣ್ಣು ತೆರೆದು, "ಇದು ನಮ್ಮ ಪ್ಯಾಕೇಜಲ್ಲಿ ಇದೆಯಾ?" ಎಂದು ಮೆಲ್ಲಗೆ ಕೇಳಿದಳು.

ಮ್ಯಾನೇಜರ್ ಕೈಮುಗಿದ. "ಇದೆ ಮೇಡಂ. ಕರುಣಾ ಸ್ನಾನ."

ಆಕೆ ತೃಪ್ತಿಯಿಂದ ಕಣ್ಣು ಮುಚ್ಚಿದಳು.

ಆಯಾ ಅಕ್ಕನ ಮಂಡಿ ಹಿಡಿದು ಮಡಿಸಿದಳು. ಮರಗಟ್ಟಿದ್ದ ಕೀಲು ಕಟಕ್ಕೆಂದಿತು. ಅಕ್ಕ ಮುಂಗೈ ಕಚ್ಚಿಕೊಂಡಳು. ಆಯಾ ಆ ಕೈಯನ್ನು ಬಾಯಿಂದ ಬಿಡಿಸಿದಳು.

"ಯಾಕಕ್ಕಾ ನುಂಗ್ತೀಯ? ಕೂಗು. ಬಾಯಿ ಬಿಟ್ಟು ಕೂಗು."

ಅಕ್ಕ ಕೂಗಿದಳು. ಹನ್ನೆರಡು ಜನವೂ ದಡಬಡಿಸಿ ಎದ್ದು ಕೂತರು.

ಆಯಾ ಇನ್ನೊಂದು ಮಂಡಿಗೆ ಕೈ ಹಾಕಿದಳು.