ಬಾಯಿ ಮುಚ್ಚದ ನರ

ನಾನು ಒಂದು ನರ. ಹೊಂಬಾಳಮ್ಮ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಅವಳ ಕತ್ತಿನ ಬೆನ್ನುಮೂಳೆಯ ಪಕ್ಕ ಹುಟ್ಟಿದೆ. ಒಂದು ತುದಿಯನ್ನು ಬಲಗೈ ತೋರುಬೆರಳಿಗೆ ಚಾಚಿದೆ, ಇನ್ನೊಂದನ್ನು ಬೆನ್ನುಹುರಿಯೊಳಗೆ ಮೇಲಕ್ಕೆ. ಅವಳ ಚರ್ಮ ಎಷ್ಟೋ ಸಲ ಉದುರಿ ಹೊಸದಾಯಿತು. ನಾನು ಮಾತ್ರ ಅಂದಿನವನೇ.

ಮುಟ್ಟಿದ್ದನ್ನು ಹೇಳುವುದು ನನ್ನ ಕೆಲಸ. ಬೆರಳಿಗೆ ಏನು ತಾಕಿದರೂ ಮಿಡಿಯುತ್ತೇನೆ. ಮಿಡಿತ ತೋಳು, ಭುಜ, ಕತ್ತು ದಾಟಿ ಮೆದುಳಿನ ಬುಡಕ್ಕೆ ಓಡುತ್ತದೆ. ಅಲ್ಲಿಂದ ಬೇರೆ ನರಗಳು ಅದನ್ನು ಎಡ ಮೆದುಳಿಗೆ ಒಯ್ಯುತ್ತವೆ. ದನಿ ಏರಿಸುವುದು ನನಗೆ ಬಾರದು. ಮೆಲ್ಲಗೆ ತಾಕಿದರೆ ಕೆಲವೇ ಸಲ, ಬಲವಾಗಿ ಒತ್ತಿದರೆ ಬಡಬಡನೆ ಮಿಡಿಯುತ್ತೇನೆ, ಅಷ್ಟೆ. ಬಿಸಿ, ನೋವಿನ ಸುದ್ದಿ ನನ್ನ ಪಕ್ಕದಲ್ಲೇ ಓಡುವ ಇನ್ನೊಂದು ನರದ್ದು, ನನ್ನ ನೆರೆಯವನದು. ಅವನು ನಿಧಾನಿ. ಆದರೂ ಅವನ ಸುದ್ದಿ ಬೆನ್ನುಹುರಿ ಮುಟ್ಟಿದರೆ ಸಾಕು, ಮೆದುಳಿಗೆ ತಿಳಿಯುವ ಮೊದಲೇ ಕೈ ಹಿಂದಕ್ಕೆ ಬಂದಿರುತ್ತದೆ.

ಹೊಂಬಾಳಮ್ಮ ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವವಳು. ಬೇಸಿನ್ನಿನ ಬಿಸಿನೀರಲ್ಲಿ ತೇಲುವ ಗೂಡುಗಳಿಂದ ಕೂದಲಿಗಿಂತ ತೆಳುವಾದ ಎಳೆಯ ತುದಿಯನ್ನು ಬೆರಳಲ್ಲೇ ಹುಡುಕಬೇಕು. ಕಣ್ಣಿಗೆ ಬರೀ ಹಬೆ. ಹುಡುಕಿಕೊಡುತ್ತಿದ್ದವನು ನಾನು. ಬೈಗುಳವೂ ನಮ್ಮ ಕುಲಕ್ಕೇ.

“ಈ ಹಾಳು ಬೆರಳಿಗೆ ಉರಿ ಗೊತ್ತಾಗ್ದೆ ಇದ್ದಿದ್ರೆ ರಾಣಿ ಹಂಗೆ ದುಡೀತಿದ್ದೆ ಕಣೇ” ಎಂದು ಪಕ್ಕದ ಬೇಸಿನ್ನಿನ ಜಯಶೀಲಿಗೆ ಹೇಳುವಳು. ಆ ಕಸುಬಿನವರಿಗೆಲ್ಲ ಅದೇ ಆಸೆ.

ಆಸೆ ಕೈಗೂಡಿತು. ಹಲಸಿನಹಣ್ಣು ಕೊಯ್ಯುವಾಗ ಕತ್ತಿ ಜಾರಿ, ಬೆರಳ ಬುಡದಲ್ಲಿ ನಮ್ಮಿಬ್ಬರನ್ನೂ ಕಡಿದುಹಾಕಿತು. ಡಾಕ್ಟರು ತುಂಡುಗಳನ್ನು ಎದುರುಬದುರು ಕೂಡಿಸಿ ಹೊಲಿದರು. ಆದರೂ ಗಾಯದಿಂದಾಚೆಗಿನ ನಮ್ಮ ಎಳೆ ಕರಗಿಹೋಗಿ, ಅದರ ಹೊದಿಕೆಯ ಖಾಲಿ ಕೊಳವೆಯಷ್ಟೇ ಉಳಿಯಿತು.

ಗಾಯ ಮಾದ ಮೇಲೆ ಆ ಒಂದು ಬೆರಳನ್ನು ನೀರಿಗಿಳಿಸಿ ಹೊಂಬಾಳಮ್ಮ ನಕ್ಕಳು. “ನೋಡೇ ಜಯಶೀಲಿ, ಒಂಚೂರೂ ಸುಡಾಕಿಲ್ಲ!”

“ಪುಣ್ಯವಂತೆ ಕಣಕ್ಕ ನೀನು!”

ಸಂಜೆಗೆ ಬೆರಳ ತುಂಬ ಬೊಬ್ಬೆ. ಎಳೆ ಸಿಕ್ಕಿದ್ದೇ ಅಪರೂಪ, ಸಿಕ್ಕಿದ್ದೂ ಹರಿಯಿತು. ಮಾಲೀಕ ಅನ್ಸರ್ ಸಾಬರು ಎರಡು ವಾರ ತಾಳಿದರು. ಆಮೇಲೆ, “ಬೇಸಿನ್ ಬುಡಮ್ಮ ಹೊಂಬಾಳಮ್ಮ. ಗೂಡು ಆರಿಸಾಕೆ ಕೂತ್ಕೊ. ಆ ಬೆರಳು ಸತ್ತೋಗೈತೆ” ಎಂದರು.

ಸತ್ತೋಗೈತಂತೆ! ನನ್ನ ಜೀವವಿರುವುದು ಕತ್ತಿನ ಬಳಿ. ಕಡಿದ ಮೊನೆಯಿಂದಲೇ ಚಿಗುರಿದೆ. ಹಳೆಯ ಕೊಳವೆ ಹಿಡಿದು ದಿನಕ್ಕೊಂದು ರಾಗಿಕಾಳಿನಷ್ಟು ತೆವಳಿದೆ. ಅವಳು ಬೆರಳು ತಟ್ಟಿದಾಗೆಲ್ಲ ಜುಮ್ಮೆನ್ನಿಸಿದೆ: ಇಲ್ಲಿದ್ದೇನೆ, ಬರುತ್ತಿದ್ದೇನೆ. ಅವಳಿಗೂ ಹಟ ಬಂತು. ಗೂಡು ಆರಿಸುತ್ತಲೇ ಕಣ್ಣು ಮುಚ್ಚಿ ಒಂದೊಂದರ ಮೈ ಸವರುವಳು.

ಕೆಲವು ತಿಂಗಳಾದ ಮೇಲೆ ಒಂದು ದಿನ, ಜಯಶೀಲಿ ಊಟಕ್ಕೆದ್ದಾಗ ಹೊಂಬಾಳಮ್ಮ ಅವಳ ಬೇಸಿನ್ನಿಗೆ ಕೈ ಹಾಕಿದಳು. ಸಾಬರು ಬಾಗಿಲಲ್ಲೇ ನಿಂತುಬಿಟ್ಟರು. ಬೆರಳ ತುದಿಗೆ ಏನೋ ಸವರಿತು. ನಾನು ಮಿಡಿದು ಹೇಳಿದೆ. ಚಿಗುರುವಾಗ ದಾರಿ ಕೊಂಚ ತಪ್ಪಿದ್ದೆನೋ ಏನೋ, ತುದಿಗೆ ತಾಕಿದ್ದನ್ನು ಮೆದುಳು ಬೆರಳ ನಡುಭಾಗಕ್ಕೆ ತಾಕಿತು ಎಂದುಕೊಂಡಿತು.

“ಎಲ್ಲಿ ತಾಕಿದ್ರೇನು, ಎಳೆ ಎಳೇನೇ” ಎಂದು ಹೊಂಬಾಳಮ್ಮ ಮೇಲೆತ್ತಿದಳು. ಹರಿಯಲಿಲ್ಲ. ಓಡುತ್ತಿದ್ದ ನೂಲಿಗೆ ಸೇರಿಸಿದಳು. ಮತ್ತೆ ಕೈ ಅದ್ದಿದಳು. ಆಗ ಬಿಸಿ, ನೋವು ಹೇಳುವ ನನ್ನ ನೆರೆಯವನೂ ಎದ್ದ.

“ಅಯ್ಯಯ್ಯಪ್ಪ! ಸುಡ್ತೈತೆ! ಸಾಬ್ರೇ, ಸುಡ್ತೈತೆ!” ಕೈ ತಾನಾಗಿ ಹಿಂದೆ ಹಾರಿತ್ತು. ಅವಳು ಬೆರಳನ್ನು ಬಾಯಲ್ಲಿಟ್ಟುಕೊಂಡು ನಗುತ್ತಿದ್ದಳು.

“ಸುಟ್ರೆ ಸರಿ ಬುಡು. ನಾಳೆಯಿಂದ ನಿನ್ ಬೇಸಿನ್ ನಿಂದೇ” ಎಂದರು ಸಾಬರು.

ಈಗ ಅವಳ ತಲೆ ನೆರೆತಿದೆ, ನನ್ನ ಓಟವೂ ಕುಂದಿದೆ. ಬೇಸಿನ್ ಬಿಟ್ಟು ಮೊಮ್ಮಗಳ ಜಡೆ ಹೆಣೆಯುತ್ತಾಳೆ. ಕಾಫಿ ಲೋಟ ಸುಟ್ಟರೆ ಇಂದಿಗೂ ಬೆರಳನ್ನೇ ಬೈಯುತ್ತಾಳೆ. ಬೈಯಲಿ. ಮೌನವಾಗಿದ್ದು ಒಳ್ಳೆಯವನೆನಿಸಿಕೊಳ್ಳುವ ಆಸೆ ನನಗಿಲ್ಲ.